ಪೂಜೆ ಬೇಡ, ಪಾಲು ಬೇಕು

ಜಪಾನಿನ ಆನಿಮೇಷನ್ ಚಿತ್ರಗಳೆಂದರೆ ಮಕ್ಕಳ ಮನರಂಜನೆ, ಅವನ್ನು ಕುರಿತು ದೊಡ್ಡವರು ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ ಎಂಬ ಭಾವನೆ ಇನ್ನೂ ಹಲವರಲ್ಲಿದೆ. ಬರೆದ ಸಾವಿರಾರು ಚಿತ್ರಗಳನ್ನು ಒಂದರ ಹಿಂದೊಂದರಂತೆ ಓಡಿಸಿ ಕಥೆ ಹೇಳುವ ಈ ಕಲೆ ಇಂದು ಆ ದೇಶದ ದೊಡ್ಡ ಉದ್ಯಮಗಳಲ್ಲೊಂದು. ಹಯಾವೊ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ ೨೦೦೨ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಬಹುಮಾನವನ್ನು ಹಂಚಿಕೊಂಡಿತು. ೨೦೦೩ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಅವರ ಘಿಬ್ಲಿ ಸ್ಟುಡಿಯೋದ ಚಿತ್ರಗಳು ೨೦೨೦ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಭಾರತಕ್ಕೂ ಬಂದವು. ನಮ್ಮ ಊರುಗಳ ತರುಣ ತರುಣಿಯರು ಅವನ್ನು ತಮ್ಮ ಫೋನುಗಳಲ್ಲೇ ನೋಡುತ್ತಾರೆ, ಮೆಚ್ಚುತ್ತಾರೆ. ಮೆಚ್ಚತಕ್ಕದ್ದೂ ಅವುಗಳಲ್ಲಿ ಬೇಕಾದಷ್ಟಿದೆ.

ಆದರೆ ಈ ಚಿತ್ರಗಳ ಹಿಂದೆಯೇ ಒಂದು ವಾದವೂ ಬಂದಿದೆ. ಕಾಡನ್ನು ಕಾಯುವವಳು ಹುಡುಗಿ, ಹೊಳೆಯನ್ನು ತೊಳೆಯುವವಳು ಹುಡುಗಿ, ಕ್ರೋಧಗೊಂಡ ಕ್ರಿಮಿಕೀಟಗಳನ್ನು ಶಾಂತಗೊಳಿಸುವವಳೂ ಹುಡುಗಿ. ಆದ್ದರಿಂದ ಸ್ತ್ರೀಯೇ ಪ್ರಕೃತಿ, ಪ್ರಕೃತಿಯೇ ಸ್ತ್ರೀ, ಇದೇ ಪರಿಸರ ಸ್ತ್ರೀವಾದ ಎಂಬುದು ಆ ವಾದ. ಕೇಳಲು ಇಂಪಾಗಿದೆ. ಹೆಣ್ಣಿಗೆ ಗೌರವ ತೋರಿದಂತೆಯೂ ಕಾಣುತ್ತದೆ. ಇದನ್ನು ನಾವು ಒಪ್ಪಲಾರೆವು. ಈ ಹೊಗಳಿಕೆಯಲ್ಲಿ ಒಂದು ಮೋಸವಿದೆ. ಆ ಮೋಸವನ್ನು ಈ ಚಿತ್ರಗಳಲ್ಲಿ ಉತ್ತಮವಾದವುಗಳೇ ಬಯಲಿಗೆಳೆದಿವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಪರಿಸರ ಸ್ತ್ರೀವಾದ ಎಂಬ ಮಾತಿನ ಹುಟ್ಟನ್ನು ನೋಡೋಣ. ೧೯೭೪ರಲ್ಲಿ ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೋಬನ್ ಇದನ್ನು ತಮ್ಮ ಪುಸ್ತಕವೊಂದರಲ್ಲಿ ಬಳಕೆಗೆ ತಂದರು. ಹೆಣ್ಣಿನ ದೇಹದ ಮೇಲೆ ಹಿಡಿತ ಸಾಧಿಸಿದ ಅಧಿಕಾರವೇ ನೆಲದ ಮೇಲೂ ಹಿಡಿತ ಸಾಧಿಸಿದೆ, ಎರಡನ್ನೂ ಒಟ್ಟಿಗೆ ಎದುರಿಸಬೇಕು ಎಂಬುದು ಅವರ ವಾದ. ಅದೇ ೧೯೭೪ರ ಮಾರ್ಚ್ ತಿಂಗಳಲ್ಲಿ ಹಿಮಾಲಯದ ರೇಣಿ ಎಂಬ ಹಳ್ಳಿಯಲ್ಲಿ ಗೌರಾ ದೇವಿಯವರ ಮುಂದಾಳುತನದಲ್ಲಿ ೨೭ ಮಂದಿ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ನಿಂತರು. ಊರಿನ ಗಂಡಸರು ಅಂದು ಪರಿಹಾರದ ಹಣಕ್ಕಾಗಿ ಚಮೋಲಿಗೆ ಹೋಗಿದ್ದರು. ಚಿಪ್ಕೋ ಚಳವಳಿಯ ಈ ಘಟನೆ ಜಗತ್ತಿಗೆಲ್ಲ ತಿಳಿಯಿತು. ಅದರ ಪ್ರೇರಣೆಯಿಂದಲೇ ೧೯೮೩ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಹುಟ್ಟಿತು. ೧೯೮೮ರಲ್ಲಿ ವಂದನಾ ಶಿವ ಅವರು ಬರೆದ ಪುಸ್ತಕದಲ್ಲಿ ಚಿಪ್ಕೋ ಹೆಂಗಸರ ಹೋರಾಟವನ್ನು ‘ಪ್ರಕೃತಿ’ ಎಂಬ ಸ್ತ್ರೀತತ್ತ್ವದ ದನಿಯೆಂದು ವಿವರಿಸಿದರು.

ಈ ವಿವರಣೆಗೆ ಗಟ್ಟಿಯಾದ ಆಕ್ಷೇಪವನ್ನೆತ್ತಿದವರು ಇನ್ನೊಬ್ಬ ಭಾರತೀಯ ವಿದುಷಿ, ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್. ೧೯೯೨ರ ಒಂದು ಪ್ರಬಂಧದಲ್ಲಿ ಅವರು ಕೇಳಿದ್ದು ಸರಳವಾದ ಪ್ರಶ್ನೆ. ಸೌದೆ ಹೊರುವವಳು ಯಾರು? ನೀರು ತರುವವಳು ಯಾರು? ದನಕ್ಕೆ ಸೊಪ್ಪು ಹುಲ್ಲು ಒದಗಿಸುವವಳು ಯಾರು? ಕಾಡು ಹೋದರೆ ಹೆಚ್ಚು ದೂರ ನಡೆಯಬೇಕಾದವಳು ಬಡ ರೈತನ ಮನೆಯ ಹೆಂಗಸು. ಅವಳ ಕಾಲಿಗೆ ಬೀಳುವ ಆ ಹೆಚ್ಚಿನ ಹರದಾರಿಯೇ ಅವಳನ್ನು ಕಾಡಿನ ಪರವಾಗಿ ನಿಲ್ಲಿಸುತ್ತದೆ. ಇದು ರಕ್ತದಲ್ಲಿ ಬಂದ ಗುಣವಲ್ಲ, ದುಡಿಮೆಯ ಹಂಚಿಕೆಯಿಂದಲೂ ಒಡೆತನದ ಹಂಚಿಕೆಯಿಂದಲೂ ಬಂದ ಸ್ಥಿತಿ. ಕಾಡಿನ ಗುತ್ತಿಗೆದಾರನ ಹೆಂಡತಿಗೂ ಸೌದೆ ಹೊರುವ ಹೆಂಗಸಿಗೂ ಕಾಡಿನ ವಿಷಯದಲ್ಲಿ ಒಂದೇ ಮನಸ್ಸಿರುತ್ತದೆ ಎಂದು ಯಾರೂ ಹೇಳಲಾರರು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಜಪಾನಿನ ಚಿತ್ರಗಳಿಗೆ ಬರೋಣ.

೧೯೮೪ರಲ್ಲಿ ತೆರೆಕಂಡ ಮಿಯಾಝಾಕಿಯವರ ‘ನೌಸಿಕಾ’ ಚಿತ್ರದ ಕಥೆ ಹೀಗಿದೆ. ಮಹಾಯುದ್ಧವೊಂದರಲ್ಲಿ ಕೈಗಾರಿಕಾ ನಾಗರಿಕತೆ ಸುಟ್ಟುಹೋಗಿ ಸಾವಿರ ವರ್ಷಗಳಾಗಿವೆ. ವಿಷದ ಗಾಳಿ ಸೂಸುವ ಒಂದು ಕಾಡು ಭೂಮಿಯನ್ನು ಆವರಿಸುತ್ತಿದೆ. ಅದನ್ನು ಸುಟ್ಟುಹಾಕಬೇಕೆಂದು ಸೈನ್ಯ ಕಟ್ಟಿಕೊಂಡು ಬರುವವಳು ಕುಶಾನಾ ಎಂಬ ರಾಜಕುಮಾರಿ. ಕಣಿವೆಯ ಸಣ್ಣ ರಾಜ್ಯವೊಂದರ ನೌಸಿಕಾ ಎಂಬ ಹುಡುಗಿ ಆ ಕಾಡಿನ ಗಿಡಗಳನ್ನು ಗುಟ್ಟಾಗಿ ನೆಲಮಾಳಿಗೆಯಲ್ಲಿ ಬೆಳೆಸಿ ನೋಡುತ್ತಾಳೆ. ಶುದ್ಧ ಮಣ್ಣು, ಶುದ್ಧ ನೀರು ಕೊಟ್ಟರೆ ಅವು ವಿಷ ಕಾರುವುದಿಲ್ಲ. ಮನುಷ್ಯ ಕೆಡಿಸಿದ ಮಣ್ಣಿನ ವಿಷವನ್ನು ಹೀರಿ ಭೂಮಿಯನ್ನು ತೊಳೆಯುವ ಕೆಲಸದಲ್ಲಿ ಆ ಕಾಡು ತೊಡಗಿದೆ.

ಓದುಗರು ಎರಡು ವಿಷಯಗಳನ್ನು ಗಮನಿಸಬೇಕು. ಕಾಡನ್ನು ಸುಡಬಯಸುವವಳೂ ಹೆಣ್ಣೇ. ಇನ್ನು ನೌಸಿಕಾಳ ತಿಳುವಳಿಕೆ ದೈವದತ್ತವಾಗಿ ಬಂದದ್ದಲ್ಲ. ಪ್ರಯೋಗ ಮಾಡಿ, ಕಾದು, ಅಳೆದು ಕಂಡುಕೊಂಡದ್ದು. ಹಾಗಿದ್ದೂ ಚಿತ್ರದ ಕೊನೆಯಲ್ಲಿ ಆಕೆ ಪ್ರಾಣಾರ್ಪಣೆ ಮಾಡಿ, ಪುನಃ ಜೀವ ತಳೆದು, ಭವಿಷ್ಯವಾಣಿಯ ಉದ್ಧಾರಕಿಯಾಗಿ ನಿಲ್ಲುತ್ತಾಳೆ. ವಿಜ್ಞಾನಿಯಾಗಿ ಹೊರಟ ಹುಡುಗಿಯನ್ನು ದೇವಿಯಾಗಿ ಮುಗಿಸಿದ್ದು ಚಿತ್ರದ ದೌರ್ಬಲ್ಯವೆಂದೇ ನಾವು ಹೇಳಬೇಕು. ಮಿಯಾಝಾಕಿಯವರು ಈ ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. ೧೯೮೨ರಿಂದ ೧೯೯೪ರವರೆಗೆ ಪತ್ರಿಕೆಯಲ್ಲಿ ಬರೆದ ಚಿತ್ರಕಥೆಯಲ್ಲಿ ಬೇರೊಂದು ಮುಕ್ತಾಯವನ್ನು ಕೊಟ್ಟರು. ಅಲ್ಲಿ ಆ ಕಾಡು ಕೂಡ ಹಿಂದಿನ ಕಾಲದ ಮನುಷ್ಯರು ಯೋಜಿಸಿ ನಿರ್ಮಿಸಿದ್ದೇ ಎಂಬುದು ಬಯಲಾಗುತ್ತದೆ. ಹೆಣ್ಣು ಮತ್ತು ಪವಿತ್ರ ವನ ಎಂಬ ಜೋಡಿಯನ್ನು ಕಟ್ಟಿದವರೇ ಹನ್ನೆರಡು ವರ್ಷ ಯೋಚಿಸಿ ಅದನ್ನು ಬಿಚ್ಚಿದರು.

ಈ ವಿಷದ ಕಾಡು ಆಕಾಶದಿಂದ ಉದುರಿದ ಕಲ್ಪನೆಯಲ್ಲ. ಅದರ ಪ್ರೇರಣೆಗಳಲ್ಲಿ ಒಂದು ಮಿನಾಮಾತಾ ಕೊಲ್ಲಿ. ಕ್ಯೂಶೂ ದ್ವೀಪದ ಈ ಊರಿನಲ್ಲಿ ಚಿಸ್ಸೊ ಕಂಪೆನಿಯ ರಾಸಾಯನಿಕ ಕಾರ್ಖಾನೆ ೧೯೩೨ರಿಂದ ೧೯೬೮ರವರೆಗೆ ಪಾದರಸ ಬೆರೆತ ಕೊಳಚೆಯನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. ಆಮೇಲೆ ಮನುಷ್ಯರ ಕೈಕಾಲು ಸೆಟೆದವು, ಮಾತು ತೊದಲಿತು, ಕಣ್ಣು ಮಂಕಾಯಿತು. ಬಸುರಿಯರು ತಿಂದ ಮೀನಿನ ವಿಷ ಹೊಟ್ಟೆಯೊಳಗಿನ ಕೂಸನ್ನು ಮುಟ್ಟಿತು. ರೋಗ ೧೯೫೬ರ ಮೇ ತಿಂಗಳಲ್ಲೇ ಅಧಿಕೃತವಾಗಿ ದಾಖಲಾದರೂ ಕಾರ್ಖಾನೆಯ ಕೊಳಚೆಯೇ ಕಾರಣವೆಂದು ಸರ್ಕಾರ ಒಪ್ಪಿದ್ದು ೧೯೬೮ರ ಸೆಪ್ಟೆಂಬರಿನಲ್ಲಿ. ನಡುವಿನ ಹನ್ನೆರಡು ವರ್ಷ ವಿಷ ಹರಿಯುತ್ತಲೇ ಇತ್ತು. ಸರ್ಕಾರ ಅಧಿಕೃತವಾಗಿ ರೋಗಿಗಳೆಂದು ಒಪ್ಪಿಕೊಂಡವರ ಸಂಖ್ಯೆ ೨,೨೦೦ಕ್ಕೂ ಹೆಚ್ಚು. ಒಪ್ಪಿಗೆ ಸಿಗದೆ ನ್ಯಾಯಾಲಯದ ಬಾಗಿಲು ಬಡಿದವರು ಅದಕ್ಕಿಂತ ಎಷ್ಟೋ ಪಾಲು.

ಈ ದುರಂತವನ್ನು ಜಪಾನಿನ ಅಂತಃಕರಣಕ್ಕೆ ಮುಟ್ಟಿಸಿದವರು ಇಶಿಮುರೆ ಮಿಚಿಕೊ, ಮಿನಾಮಾತಾದ ಸಾಮಾನ್ಯ ಗೃಹಿಣಿ. ೧೯೬೮ರಲ್ಲಿ ರೋಗಿಗಳ ಪರವಾಗಿ ನಾಗರಿಕರ ಸಮಿತಿಯನ್ನು ಕಟ್ಟುವುದರಲ್ಲಿ ಆಕೆ ಪಾಲುಗೊಂಡರು. ೧೯೬೯ರಲ್ಲಿ ‘ಕುಗೈ ಜೋದೊ’ ಎಂಬ ಪುಸ್ತಕವನ್ನು ಹೊರತಂದರು. ಅದಕ್ಕೆ ಬಂದ ದೊಡ್ಡ ಬಹುಮಾನವನ್ನು ನಿರಾಕರಿಸಿದರು. ಆ ಪುಸ್ತಕದಲ್ಲಿ ಬರುವ ಬೆಸ್ತ ಹೆಂಗಸರು ಗಂಡನೊಡನೆ ಒಂದೇ ದೋಣಿಯಲ್ಲಿ ಕಡಲಿಗಿಳಿದು ಹುಟ್ಟುಹಾಕಿದವರು, ಬಲೆ ಎಳೆದವರು. ಅವರ ಪಾಲಿಗೆ ಸಮುದ್ರ ದುಡಿಯುವ ಜಾಗ, ಊಟದ ತಟ್ಟೆ. ೧೯೭೦ರ ನವೆಂಬರಿನಲ್ಲಿ ಈ ರೋಗಿಗಳು, ಅವರ ಮನೆಯವರು ಕಂಪೆನಿಯ ಒಂದೊಂದು ಷೇರು ಕೊಂಡು, ಯಾತ್ರಿಕರ ಬಿಳಿಯ ಉಡುಪು ತೊಟ್ಟು ಒಸಾಕಾದ ಷೇರುದಾರರ ಸಭೆಗೆ ನುಗ್ಗಿದರು. ೧೯೭೩ರ ಮಾರ್ಚಿನಲ್ಲಿ ಕುಮಾಮೊತೊ ನ್ಯಾಯಾಲಯ ಕಂಪೆನಿಯೇ ಹೊಣೆಯೆಂದು ತೀರ್ಪಿತ್ತಿತು.

ಈ ಕಥೆಯಲ್ಲಿ ಸಮಾಜವಾದಿಗಳಾದ ನಾವು ಮರೆಯಬಾರದ ಇನ್ನೊಂದು ಅಧ್ಯಾಯವಿದೆ. ಕಾರ್ಖಾನೆಯ ಕಾರ್ಮಿಕರು ಬಹುಕಾಲ ರೋಗಿಗಳ ಕಡೆ ನಿಲ್ಲಲಿಲ್ಲ. ಕಾರ್ಖಾನೆ ಮುಚ್ಚಿದರೆ ತಮ್ಮ ಅನ್ನ ಹೋದೀತೆಂಬ ಭಯ ಅವರಿಗಿತ್ತು. ಕಡೆಗೆ ೧೯೬೮ರ ಆಗಸ್ಟಿನಲ್ಲಿ ಅಲ್ಲಿನ ಮೊದಲನೆಯ ಕಾರ್ಮಿಕ ಸಂಘ ಒಂದು ನಿರ್ಣಯ ಮಾಡಿತು. ಇಷ್ಟು ವರ್ಷ ಈ ರೋಗದ ವಿರುದ್ಧ ಹೋರಾಡದೆ ಸುಮ್ಮನಿದ್ದುದಕ್ಕೆ ನಾಚುತ್ತೇವೆ, ಇನ್ನು ಮುಂದೆ ರೋಗಿಗಳೊಡನೆ ನಿಲ್ಲುತ್ತೇವೆ ಎಂಬುದು ಅದರ ಸಾರಾಂಶ. ಇದಕ್ಕೆ ‘ನಾಚಿಕೆಯ ಘೋಷಣೆ’ ಎಂದೇ ಹೆಸರಾಯಿತು. ಕಡಲಿನ ಪ್ರಶ್ನೆಯೂ ಕೂಲಿಯ ಪ್ರಶ್ನೆಯೂ ಬೇರೆ ಬೇರೆಯೆಂದು ನಂಬಿಸುವುದರಲ್ಲಿ ಮಾಲೀಕನಿಗೆ ಲಾಭವಿದೆ, ಕಾರ್ಮಿಕನಿಗೆ ಇಲ್ಲ.

ಈ ತೊಡಕನ್ನು ನೇರವಾಗಿ ಎತ್ತಿಕೊಂಡ ಚಿತ್ರ ೧೯೯೭ರ ‘ರಾಜಕುಮಾರಿ ಮೊನೊನೊಕೆ’. ಜಪಾನಿನ ಚಿತ್ರಗಳ ಗಳಿಕೆಯ ಹಿಂದಿನ ದಾಖಲೆಗಳನ್ನೆಲ್ಲ ಅದು ಅಂದು ಮುರಿಯಿತು. ತೋಳದ ದೇವತೆ ಸಾಕಿದ ಸಾನ್ ಎಂಬ ಹುಡುಗಿ ಒಂದು ಕಡೆ. ಕಾಡಿನಂಚಿನಲ್ಲಿ ಕಬ್ಬಿಣದ ಕುಲುಮೆಗಳ ಊರೊಂದನ್ನು ಕಟ್ಟಿ ಆಳುತ್ತಿರುವ ಎಬೋಶಿ ಎಂಬ ಒಡತಿ ಇನ್ನೊಂದು ಕಡೆ. ಎಬೋಶಿ ಕಾಡು ಕಡಿಸುತ್ತಾಳೆ, ವನದೇವತೆಗಳನ್ನು ಗುಂಡಿಟ್ಟು ಕೊಲ್ಲಿಸುತ್ತಾಳೆ. ಆದರೆ ಅದೇ ಎಬೋಶಿ ಸೂಳೆಗೇರಿಗಳಿಗೆ ಮಾರಾಟವಾದ ಹೆಂಗಸರನ್ನು ಹಣ ಕೊಟ್ಟು ಬಿಡಿಸಿ ತಂದು ಕೆಲಸ ಕೊಟ್ಟಿದ್ದಾಳೆ. ಊರು ಹೊರಹಾಕಿದ ಕುಷ್ಠರೋಗಿಗಳ ಗಾಯವನ್ನು ತನ್ನ ಕೈಯಿಂದ ತೊಳೆದು, ಅವರಿಗೆ ಬಂದೂಕು ತಯಾರಿಸುವ ಕೆಲಸ ವಹಿಸಿದ್ದಾಳೆ. ಅವಳ ಊರಿನ ಹೆಂಗಸರು ಗಂಡಸರಿಗೆ ತಲೆಬಾಗದೆ ಗಟ್ಟಿಯಾಗಿ ನಗುತ್ತಾರೆ, ಎದುರು ಮಾತಾಡುತ್ತಾರೆ, ಹಗಲಿರುಳು ತಿದಿ ತುಳಿಯುತ್ತಾರೆ. ಕೆಲಸ ಕಷ್ಟವೇ? ಹೌದು. ಆದರೂ ಹಳೆಯ ನರಕಕ್ಕಿಂತ ಇದು ಎಷ್ಟೋ ಮೇಲೆಂದು ಅವರೇ ಹೇಳುತ್ತಾರೆ.

ಈ ತಿದಿ ತುಳಿಯುವ ದೃಶ್ಯದ ಅರ್ಥ ತಿಳಿಯಬೇಕಾದರೆ ಜಪಾನಿನ ಹಳೆಯ ಕಬ್ಬಿಣದ ಕಸುಬನ್ನು ತಿಳಿದಿರಬೇಕು. ‘ತತಾರ’ ಎಂಬ ಆ ಪದ್ಧತಿಯಲ್ಲಿ ಗುಡ್ಡ ಕಡಿದು ಮಣ್ಣನ್ನು ನೀರಿನಲ್ಲಿ ತೊಳೆದು ಕಬ್ಬಿಣದ ಮರಳನ್ನು ಬೇರ್ಪಡಿಸುತ್ತಿದ್ದರು. ತೊಳೆದ ಮಣ್ಣು ಹೊಳೆಗೆ ಹರಿದು ಕೆಳಗಿನ ರೈತರ ಗದ್ದೆಗಳಿಗೆ ಹೂಳು ತುಂಬುತ್ತಿತ್ತು. ಶಿಮಾನೆ ಪ್ರಾಂತದ ಒಕುಯಿಝುಮೊದಲ್ಲಿ ೧೯೭೭ರಲ್ಲಿ ಪುನಃ ಹೊತ್ತಿಸಿದ ಕುಲುಮೆಯ ಲೆಕ್ಕ ನೋಡಿ. ಮೂರು ಹಗಲು ಮೂರು ರಾತ್ರಿ ಉರಿಸಿ, ಸುಮಾರು ೧೦ ಟನ್ ಕಬ್ಬಿಣದ ಮರಳಿಗೆ ೧೨ ಟನ್ ಇದ್ದಲು ಸುರಿದರೆ ದೊರೆಯುವುದು ೨.೫ ಟನ್ನಿನಷ್ಟು ಗಟ್ಟಿ. ಇದ್ದಲು ಬರುವುದು ಕಾಡಿನಿಂದ. ಕಬ್ಬಿಣಕ್ಕೆ ಕಾಡು ಬಲಿಯಾಗುತ್ತಿತ್ತು ಎಂಬುದು ಕವಿಕಲ್ಪನೆಯಲ್ಲ, ಲೆಕ್ಕದ ಮಾತು.

ಇನ್ನೊಂದು ಸಂಗತಿ. ಈ ಕಸುಬಿನ ಅಧಿದೇವತೆ ಕನಯಾಗೊ ಒಬ್ಬ ಹೆಣ್ಣು ದೇವತೆ. ಅವಳು ಹೆಂಗಸರನ್ನು ಕಂಡರೆ ಕರುಬುತ್ತಾಳೆ, ಆದ್ದರಿಂದ ಹೆಂಗಸರು ಕುಲುಮೆಯ ಬಳಿ ಸುಳಿಯಬಾರದು ಎಂಬುದು ಸಂಪ್ರದಾಯ. ದೇವಿಯ ಹೆಸರಿನಲ್ಲಿ ಹೆಣ್ಣನ್ನು ಕೆಲಸದಿಂದ ದೂರ ಇಡುವ ಉಪಾಯ ನಮ್ಮ ದೇಶಕ್ಕೂ ಹೊಸದಲ್ಲ. ಮಿಯಾಝಾಕಿಯವರು ತಿಳಿದೇ ಈ ನಿಷೇಧವನ್ನು ಮುರಿದು ಹೆಂಗಸರನ್ನು ತಿದಿಯ ಮೇಲೆ ನಿಲ್ಲಿಸಿದರು.

ಈಗ ಹೇಳಿ, ಈ ಚಿತ್ರದಲ್ಲಿ ‘ಸ್ತ್ರೀ’ ಯಾವ ಪಕ್ಷ? ಎಬೋಶಿ ಕಾಡಿನ ಬೇಟೆಗೆ ಹೋದಾಗ ಸುತ್ತಲಿನ ಸಾಮಂತನೊಬ್ಬನ ಸೈನ್ಯ ಕಬ್ಬಿಣಕ್ಕಾಗಿ ಊರನ್ನು ಮುತ್ತುತ್ತದೆ. ಆಗ ಬಂದೂಕು ಹಿಡಿದು ಕುಲುಮೆಯನ್ನು ಕಾಯುವವರು ಆ ಹೆಂಗಸರೇ. ರೇಣಿಯಲ್ಲಿ ಗಂಡಸರಿಲ್ಲದಾಗ ಹೆಂಗಸರು ಕಾಡನ್ನು ಕಾದರು. ಇಲ್ಲಿ ಗಂಡಸರಿಲ್ಲದಾಗ ಹೆಂಗಸರು ಕುಲುಮೆಯನ್ನು ಕಾದರು. ಒಂದು ನಡೆದ ಸಂಗತಿ, ಒಂದು ಕಥೆ. ಆದರೆ ಎರಡರ ಹಿಂದಿರುವ ನಿಯಮ ಒಂದೇ. ತಮ್ಮ ಬದುಕು ಯಾವುದರ ಮೇಲೆ ನಿಂತಿದೆಯೋ ಅದನ್ನು ಅವರು ಕಾದರು. ಕಾಡು ಉಳಿಯಬೇಕೆಂದು ಬೋಧಿಸುವವರು ಕುಲುಮೆಯ ಹೆಂಗಸಿಗೆ ಬೇರೆ ಅನ್ನದ ದಾರಿಯನ್ನು ತೋರಿಸಬೇಕು. ತೋರಿಸದೆ ಕುಲುಮೆ ಆರಿಸು ಎನ್ನುವವನು ಅವಳನ್ನು ಪುನಃ ಸೂಳೆಗೇರಿಗೆ ಕಳುಹಿಸುತ್ತಾನೆ.

ಹಾಗೆಂದು ಎಬೋಶಿ ನಮ್ಮ ಆದರ್ಶವೆಂದು ಯಾರೂ ಭಾವಿಸಬೇಕಾಗಿಲ್ಲ. ಅವಳು ದಯಾವಂತ ಒಡತಿ, ಆದರೆ ಒಡತಿಯೇ. ಕುಲುಮೆ ಅವಳದು, ನಿರ್ಧಾರ ಅವಳದು. ತಿದಿ ತುಳಿಯುವವರಿಗೆ ಅನ್ನವಿದೆ, ಗೌರವವಿದೆ. ಯಾವ ಗುಡ್ಡ ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಮಾತಿನಲ್ಲಿ ಪಾಲಿಲ್ಲ. ಅವಳು ಕಬ್ಬಿಣ ಮಾಡುವುದೂ ಬಂದೂಕಿಗಾಗಿ, ಬಂದೂಕು ಯುದ್ಧಕ್ಕಾಗಿ. ಬಂಡವಾಳದ ಮೊದಲ ಹೆಜ್ಜೆಯ ಎರಡು ಮುಖಗಳನ್ನೂ ಈ ಚಿತ್ರ ಒಬ್ಬಳಲ್ಲೇ ತೋರಿಸಿದೆ. ಅದು ಹಳೆಯ ದಾಸ್ಯವನ್ನು ಕಡಿಯುತ್ತದೆ, ಕಡಿದ ಕೊಡಲಿಯಿಂದಲೇ ಕಾಡನ್ನೂ ಕಡಿಯುತ್ತದೆ. ಕೊನೆಗೆ ಊರು ಹಾಳಾಗುತ್ತದೆ, ವನದೇವತೆಯೂ ಸಾಯುತ್ತದೆ, ಎಬೋಶಿ ತೋಳು ಕಳೆದುಕೊಳ್ಳುತ್ತಾಳೆ. ಹೊಸದಾಗಿ ಒಂದು ಒಳ್ಳೆಯ ಊರು ಕಟ್ಟೋಣ ಎಂದು ಅವಳು ಹೇಳುತ್ತಾಳೆ. ಸಾನ್ ಮನುಷ್ಯರನ್ನು ಕ್ಷಮಿಸುವುದಿಲ್ಲ. ಸುಲಭದ ರಾಜಿಯನ್ನು ಕಟ್ಟಿಕೊಡದೆ ಚಿತ್ರ ಮುಗಿಯುತ್ತದೆ. ಅದರ ಪ್ರಾಮಾಣಿಕತೆ ಅಲ್ಲಿದೆ.

೨೦೦೧ರ ‘ಸ್ಪಿರಿಟೆಡ್ ಅವೇ’ಯಲ್ಲಿಯೂ ದುಡಿಮೆಯದೇ ಕಥೆ. ಚಿಹಿರೊ ಎಂಬ ಹತ್ತು ವರ್ಷದ ಹುಡುಗಿ ದೇವತೆಗಳ ಸ್ನಾನಗೃಹದಲ್ಲಿ ಕೆಲಸಕ್ಕೆ ಸೇರಬೇಕಾಗುತ್ತದೆ. ಕರಾರಿಗೆ ಸಹಿ ಹಾಕಿದೊಡನೆ ಒಡತಿ ಯುಬಾಬಾ ಅವಳ ಹೆಸರನ್ನೇ ಕಸಿದುಕೊಳ್ಳುತ್ತಾಳೆ. ಗಬ್ಬುನಾರುವ ಒಬ್ಬ ಗಿರಾಕಿ ಬಂದಾಗ ಎಲ್ಲರೂ ಹಿಂಜರಿಯುತ್ತಾರೆ, ಹುಡುಗಿ ಕೆಸರಿಗಿಳಿದು ತೊಳೆಯುತ್ತಾಳೆ. ಎಲ್ಲರೂ ಸೇರಿ ಹಗ್ಗ ಹಾಕಿ ಎಳೆದಾಗ ಅವನ ಮೈಯಿಂದ ಸೈಕಲ್ಲೂ ರಾಶಿ ರಾಶಿ ಕಸವೂ ಹೊರಬೀಳುತ್ತವೆ. ಅವನು ಒಬ್ಬ ನದೀದೇವತೆ. ಹಾಕು ಎಂಬ ಹುಡುಗ ಇನ್ನೊಂದು ನದಿಯ ದೇವತೆ. ಆ ನದಿಯನ್ನು ಮುಚ್ಚಿ ಮೇಲೆ ಮನೆಗಳನ್ನು ಕಟ್ಟಿದ್ದಾರೆ, ಅವನಿಗೆ ಮರಳಲು ಮನೆಯಿಲ್ಲ. ಇಲ್ಲಿ ನದಿ ಗಂಡು, ಅದನ್ನು ತೊಳೆಯುವುದು ಒಂದು ಕೂಲಿ ಕೆಲಸ, ಹಗ್ಗ ಎಳೆದದ್ದು ಇಡೀ ಸ್ನಾನಗೃಹ. ಪ್ರಕೃತಿಯೇ ಸ್ತ್ರೀ ಎನ್ನುವವರು ಈ ದೃಶ್ಯವನ್ನು ಇನ್ನೊಮ್ಮೆ ನೋಡಲಿ.

ಮಿಯಾಝಾಕಿಯವರ ಹಿರಿಯ ಸಂಗಾತಿ ಇಸಾವೊ ತಾಕಾಹಾತಾ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ೧೯೯೧ರ ‘ಓನ್ಲಿ ಯೆಸ್ಟರ್‌ಡೇ’ ಚಿತ್ರದಲ್ಲಿ ತೋಕಿಯೋದ ಕಚೇರಿಯಲ್ಲಿ ದುಡಿಯುವ ೨೭ ವರ್ಷದ ತಾಯೆಕೊ ಎಂಬವಳು ರಜೆಯಲ್ಲಿ ಯಾಮಾಗಾತಾ ಪ್ರಾಂತಕ್ಕೆ ಕುಸುಬೆ ಹೂ ಬಿಡಿಸಲು ಹೋಗುತ್ತಾಳೆ. ನಮ್ಮ ಉತ್ತರ ಕರ್ನಾಟಕದಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಅಲ್ಲಿ ಅದರ ದಳಗಳಿಂದ ಹೆಂಗಸರ ತುಟಿಯ ಕೆಂಪುಬಣ್ಣ ತಯಾರಾಗುತ್ತಿತ್ತು. ಕುಸುಬೆಯ ಮುಳ್ಳನ್ನು ಬಲ್ಲವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಹಿಂದೆ ಬರಿಗೈಯಲ್ಲಿ ಹೂ ಬಿಡಿಸಿ ಬೆರಳಿನಲ್ಲಿ ರಕ್ತ ಸುರಿಸಿದ ಹಳ್ಳಿಯ ಹುಡುಗಿಯರು ಬದುಕಿನಲ್ಲಿ ಒಮ್ಮೆಯೂ ಆ ಬಣ್ಣವನ್ನು ತುಟಿಗೆ ಹಚ್ಚಲಿಲ್ಲ. ಅದು ನಗರದ ಶ್ರೀಮಂತ ಹೆಂಗಸರಿಗೆ ಹೋಯಿತು. ಹೆಣ್ಣೆಂಬ ಒಂದೇ ಜಾತಿಯಿಲ್ಲ, ಬಿಡಿಸುವವಳೂ ಹಚ್ಚಿಕೊಳ್ಳುವವಳೂ ಬೇರೆ ಬೇರೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಚಿತ್ರ ಅಪರೂಪ.

ಅದೇ ಚಿತ್ರದಲ್ಲಿ ತೋಶಿಯೊ ಎಂಬ ತರುಣ ರೈತ ತಾಯೆಕೊಗೆ ಒಂದು ಪಾಠ ಹೇಳುತ್ತಾನೆ. ನೀನು ‘ಪ್ರಕೃತಿ’ ಎಂದು ಮೆಚ್ಚುತ್ತಿರುವ ಈ ತೋಪು, ಈ ಕಾಲುವೆ, ಈ ಗದ್ದೆ, ಎಲ್ಲವೂ ರೈತರು ತಲೆಮಾರುಗಳಿಂದ ದುಡಿದು ಮಾಡಿದ್ದು ಎನ್ನುತ್ತಾನೆ. ಮಾತು ನಿಜ. ಆದರೆ ಆ ರೈತರಲ್ಲಿ ಹೆಂಗಸರೆಷ್ಟು? ೧೯೬೦ರ ದಶಕದಲ್ಲಿ ಗಂಡಸರು ನಗರದ ಕಾರ್ಖಾನೆಗಳಿಗೆ ಹೋದಾಗ ಹಳ್ಳಿಯ ಬೇಸಾಯವೆಲ್ಲ ಅಜ್ಜ, ಅಜ್ಜಿ, ಅಮ್ಮ ಈ ಮೂವರ ಹೆಗಲಿಗೆ ಬಿತ್ತು. ‘ಸಾನ್‌ಚಾನ್ ನೋಗ್ಯೊ’, ಎಂದರೆ ಮೂವರ ಬೇಸಾಯ, ಎಂಬುದು ೧೯೬೩ರಲ್ಲಿ ಜಪಾನಿನಲ್ಲೆಲ್ಲ ಬಾಯಿಮಾತಾಗಿತ್ತು. ಚಿತ್ರದ ಕೊನೆಯಲ್ಲಿ ತಾಯೆಕೊ ಹಳ್ಳಿಗೆ ಮರಳುತ್ತಾಳೆ. ಆ ಮನೆಯ ಅಜ್ಜಿ ಅವಳನ್ನು ತೋಶಿಯೊನ ಹೆಂಡತಿಯಾಗೆಂದು ಕೇಳಿದ್ದಾಳೆ. ಸೊಸೆಯಾಗದೆ, ತನ್ನ ಹೆಸರಿನಲ್ಲೇ ನೆಲ ಹಿಡಿದು ಅವಳು ರೈತಳಾಗಬಹುದಿತ್ತೇ? ಚಿತ್ರ ಆ ಪ್ರಶ್ನೆಯನ್ನು ಎತ್ತುವುದಿಲ್ಲ. ನಾವು ಎತ್ತುತ್ತೇವೆ.

ತಾಕಾಹಾತಾ ಅವರ ಕೊನೆಯ ಚಿತ್ರ, ೨೦೧೩ರ ‘ಕಾಗುಯಾ’, ಸುಮಾರು ಸಾವಿರ ವರ್ಷದ ಹಳೆಯ ಕಥೆಯೊಂದನ್ನು ಆಧರಿಸಿದ್ದು. ಬಿದಿರಿನೊಳಗೆ ಸಿಕ್ಕಿದ ಕೂಸು ಗುಡ್ಡಗಾಡಿನಲ್ಲಿ ಮಕ್ಕಳೊಡನೆ ಓಡಾಡಿ ಬೆಳೆಯುತ್ತದೆ. ಅದೇ ಬಿದಿರಿನಲ್ಲಿ ಚಿನ್ನವೂ ಸಿಕ್ಕಿದ ಮೇಲೆ ತಂದೆ ಅವಳನ್ನು ರಾಜಧಾನಿಗೆ ಒಯ್ದು ದೊಡ್ಡ ಮನೆಯ ಮಗಳನ್ನಾಗಿ ಮಾಡುತ್ತಾನೆ. ಹುಬ್ಬು ಕೀಳಬೇಕು, ಹಲ್ಲಿಗೆ ಕಪ್ಪು ಹಚ್ಚಬೇಕು, ಗಟ್ಟಿಯಾಗಿ ನಗಬಾರದು. ಐವರು ದೊಡ್ಡ ಮನುಷ್ಯರು ಮುಖವನ್ನೂ ನೋಡದೆ ಅವಳನ್ನು ಅಪೂರ್ವ ನಿಧಿಗಳಿಗೆ ಹೋಲಿಸಿ ಕೇಳುತ್ತಾರೆ. ಚಕ್ರವರ್ತಿ ಹೇಳದೆ ಕೇಳದೆ ಬಂದು ಅಪ್ಪಿಕೊಳ್ಳುತ್ತಾನೆ. ತಂದೆಯಲ್ಲಿ ಪ್ರೀತಿಯಿಲ್ಲವೆಂದಲ್ಲ, ಪ್ರೀತಿಯಿಂದಲೇ ಅವನು ಅವಳನ್ನು ಆಸ್ತಿಯನ್ನಾಗಿ ಮಾಡುತ್ತಾನೆ. ನಿಧಿಯೆಂದು ಹೊಗಳಿಸಿಕೊಂಡ ಹೆಣ್ಣಿಗೆ ಆ ಮನೆಯಲ್ಲಿ ಬೇಡವೆನ್ನುವ ಹಕ್ಕಿರಲಿಲ್ಲ.

ಇನ್ನು ತೆರೆಯ ಹಿಂದಕ್ಕೆ ಹೋಗೋಣ. ಚಿತ್ರದಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆ ಎಂಬ ಪ್ರಶ್ನೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಆ ಚಿತ್ರವನ್ನು ಬರೆದ ಹೆಣ್ಣಿನ ಗತಿಯೇನು ಎಂಬುದು. ೧೯೫೬ರಲ್ಲಿ ಆರಂಭವಾದ ತೋಯೆ ಡೋಗಾ ಸ್ಟುಡಿಯೋ ೧೯೫೮ರಲ್ಲಿ ಜಪಾನಿನ ಮೊದಲ ಪೂರ್ಣಾವಧಿ ವರ್ಣ ಆನಿಮೇಷನ್ ಚಿತ್ರವನ್ನು ತಂದಿತು. ಪಾರದರ್ಶಕ ಹಾಳೆಗಳ ಮೇಲೆ ಗೆರೆ ನಕಲು ಮಾಡುವ, ಬಣ್ಣ ತುಂಬುವ ಕೆಲಸ ಈ ಉದ್ಯಮದಲ್ಲಿ ಬಹುಮಟ್ಟಿಗೆ ಹೆಂಗಸರದೇ ಆಗಿತ್ತು. ಆ ಕಾಲದ ಜಪಾನಿನಲ್ಲಿ ಮದುವೆಯಾದೊಡನೆ ಹೆಣ್ಣು ಕೆಲಸ ಬಿಡಬೇಕೆಂದು ಕರಾರು ಬರೆಸಿಕೊಳ್ಳುವ ಕಂಪೆನಿಗಳಿದ್ದವು. ಸುಮಿತೊಮೊ ಸಿಮೆಂಟ್ ಕಂಪೆನಿಯ ವಿರುದ್ಧ ನೌಕರಳೊಬ್ಬಳು ಹೂಡಿದ ದಾವೆಯಲ್ಲಿ ತೋಕಿಯೋ ಜಿಲ್ಲಾ ನ್ಯಾಯಾಲಯ ಇಂಥ ಕರಾರು ಸಲ್ಲದೆಂದು ಹೇಳಿದ್ದು ೧೯೬೬ರ ಡಿಸೆಂಬರಿನಲ್ಲಿ. ಸಮಾನ ಉದ್ಯೋಗಾವಕಾಶದ ಕಾಯಿದೆ ಬಂದದ್ದು ೧೯೮೫ರಲ್ಲಿ.

ಮಿಯಾಝಾಕಿ, ತಾಕಾಹಾತಾ ಇಬ್ಬರೂ ಈ ತೋಯೆ ಸ್ಟುಡಿಯೋದ ಕಾರ್ಮಿಕ ಸಂಘದ ಮುಂದಾಳುಗಳಾಗಿದ್ದವರು. ೧೯೬೩ರಲ್ಲಿ ಕೆಲಸಕ್ಕೆ ಸೇರಿದ ಮಿಯಾಝಾಕಿ ಮರುವರ್ಷವೇ ಸಂಘದ ಕಾರ್ಯದರ್ಶಿಯಾದರು, ತಾಕಾಹಾತಾ ಉಪಾಧ್ಯಕ್ಷರಾಗಿದ್ದರು. ಸಂಘದ ಆ ಒಡನಾಟದಲ್ಲೇ ೧೯೬೮ರ ‘ಹೋರುಸ್’ ಚಿತ್ರ ರೂಪುಗೊಂಡಿತು. ಯಾರು ಬೇಕಾದರೂ ತಮ್ಮ ವಿಚಾರವನ್ನು ಮುಂದಿಡಬಹುದಾದ ರೀತಿಯಲ್ಲಿ ಅದನ್ನು ಕಟ್ಟಿದರು. ಅದರ ಚಿತ್ರಗಾರರಲ್ಲಿ ಒಕುಯಾಮಾ ರೇಕೊ ಒಬ್ಬರು. ಮದುವೆಯಾಗಿ, ತಾಯಿಯಾದ ಮೇಲೂ ಆಕೆ ಕುರ್ಚಿ ಬಿಟ್ಟುಕೊಡಲಿಲ್ಲ. ಗಂಡು ಹೆಣ್ಣಿನ ನಡುವಿನ ತಾರತಮ್ಯವನ್ನು ಎದುರುನಿಂತು ಪ್ರಶ್ನಿಸಿದರು. ಅದೇ ಸಂಘದಲ್ಲಿ ದುಡಿದ ಯಾಸುದಾ ಮಿಚಿಯೊ ಮುಂದೆ ‘ನೌಸಿಕಾ’ ಮತ್ತು ‘ಮೊನೊನೊಕೆ’ ಚಿತ್ರಗಳ ಬಣ್ಣಗಳನ್ನು 	ನಿರ್ಧರಿಸಿದರು. ಮೊನೊನೊಕೆಗೆ ಬೇಕಾದ ಹಾಳೆಗಳು ಸುಮಾರು ೧ ಲಕ್ಷ ೪೪ ಸಾವಿರ. ಕಾಡಿನ ಹಸಿರನ್ನು ಕುರಿತು ಮಾತಾಡುವ ನಾವು ಆ ಹಸಿರನ್ನು ಆರಿಸಿದ ಹೆಂಗಸಿನ ಹೆಸರನ್ನು ಅಷ್ಟಾಗಿ ಕೇಳಿಲ್ಲ. ಮಿಯಾಝಾಕಿಯವರ ಪತ್ನಿಯೂ ತೋಯೆಯಲ್ಲಿ ಚಿತ್ರಗಾರ್ತಿಯಾಗಿದ್ದವರು. ಮಕ್ಕಳಾದ ಮೇಲೆ ಕೆಲಸ ಬಿಟ್ಟವರು ಆಕೆ, ಗಂಡನಲ್ಲ.

ಘಿಬ್ಲಿ ಸ್ಟುಡಿಯೋ ೧೯೮೫ರಲ್ಲಿ ಸ್ಥಾಪನೆಯಾಯಿತು. ಅಂದಿನಿಂದ ೨೦೨೩ರವರೆಗೆ ಅದು ತೆರೆಗೆ ತಂದ ಪೂರ್ಣಾವಧಿ ಚಿತ್ರಗಳೆಲ್ಲಕ್ಕೂ ನಿರ್ದೇಶಕರು ಗಂಡಸರೇ. ತೆರೆಯ ಮೇಲೆ ಹುಡುಗಿಯರು ವಿಮಾನ ಹಾರಿಸಿದ್ದಾರೆ, ತೋಳ ಏರಿದ್ದಾರೆ, ರಾಜ್ಯ ಆಳಿದ್ದಾರೆ. ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿ ಮಾತ್ರ ಅವರಿಗೆ ದೊರೆತಿಲ್ಲ. ಬೇರೆಡೆ ಯಾಮಾದಾ ನಾವೊಕೊ ಅವರಂಥವರು ೨೦೧೬ರ ‘ಎ ಸೈಲೆಂಟ್ ವಾಯ್ಸ್’ ಮೂಲಕ ಹೆಣ್ಣು ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಲ್ಲಳೆಂದು ತೋರಿಸಿದ್ದಾರೆ. ಆದ್ದರಿಂದ ಯೋಗ್ಯತೆಯ ಮಾತು ಇಲ್ಲಿ ಬರುವುದಿಲ್ಲ. ಇನ್ನು ಇದೇ ಉದ್ಯಮದಲ್ಲಿ ಶಾಲಾ ಬಾಲಕಿಯರ ಮೈಯನ್ನೇ ಸರಕು ಮಾಡಿ ಮಾರುವ ಚಿತ್ರಗಳೂ ಸಾಕಷ್ಟಿವೆ. ಹೆಣ್ಣನ್ನು ದೇವಿಯೆನ್ನುವವನೂ ಸರಕೆನ್ನುವವನೂ ಒಂದು ವಿಷಯದಲ್ಲಿ ಒಂದಾಗಿದ್ದಾರೆ. ಅವಳು ದುಡಿಯುವ, ದಣಿಯುವ, ವಯಸ್ಸಾಗುವ, ತಪ್ಪು ಮಾಡುವ ಮನುಷ್ಯಳೆಂಬುದು ಇಬ್ಬರಿಗೂ ಬೇಡ.

ಇಷ್ಟೆಲ್ಲ ಜಪಾನಿನ ಮಾತು ನಮಗೇಕೆ ಎಂದು ಕೇಳುವವರಿರಬಹುದು. ಕಾರಣವಿದೆ. ಪ್ರಕೃತಿಯೇ ಸ್ತ್ರೀ ಎಂಬ ವಾದಕ್ಕೆ ನಮ್ಮಲ್ಲಿಂದಲೇ ‘ಪ್ರಕೃತಿ’ ಎಂಬ ಹೆಸರು ಹೋಗಿದೆ. ಭೂಮಿಯನ್ನು ತಾಯಿಯೆಂದು ಪೂಜಿಸುವ ಈ ದೇಶದಲ್ಲಿ ೨೦೧೫-೧೬ರ ಕೃಷಿ ಗಣತಿಯ ಪ್ರಕಾರ ಸಾಗುವಳಿ ಹಿಡುವಳಿ ಉಳ್ಳವರಲ್ಲಿ ಹೆಂಗಸರು ನೂರಕ್ಕೆ ಸುಮಾರು ೧೪ ಮಾತ್ರ. ನಾಟಿ ಮಾಡುವವಳು, ಕಳೆ ಕೀಳುವವಳು ಅವಳು. ಪಹಣಿಯಲ್ಲಿ ಹೆಸರು ಅವನದು. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸಾಲವಿಲ್ಲ, ಪರಿಹಾರವಿಲ್ಲ, ಅಣೆಕಟ್ಟಿಗೋ ಗಣಿಗೋ ನೆಲ ಹೋಗುವಾಗ ಸಹಿ ಹಾಕಲಾರೆನೆನ್ನುವ ಹಕ್ಕೂ ಇಲ್ಲ. ಕಾಡು ಕಾಯುವ ಹೊಣೆ ಮಾತ್ರ ಅವಳ ‘ಸಹಜ ಧರ್ಮ’. ಸಂಬಳವಿಲ್ಲದ ಕಾವಲುಗಾರ್ತಿಯನ್ನು ಹುಡುಕುವವರಿಗೆ ಇದಕ್ಕಿಂತ ಅನುಕೂಲವಾದ ತತ್ತ್ವ ಬೇರೆ ದೊರೆಯಲಾರದು.

ಪರಿಸರ ಸ್ತ್ರೀವಾದವನ್ನು ನಾವು ತಳ್ಳಿಹಾಕುತ್ತಿಲ್ಲ. ನೆಲವನ್ನೂ ಹೆಣ್ಣನ್ನೂ ಒಂದೇ ಕೈ ಸುಲಿಯುತ್ತಿದೆ ಎಂಬ ಅದರ ಮೊದಲ ಮಾತು ಸತ್ಯ. ಮಿನಾಮಾತಾದ ಬಸುರಿಯ ಹೊಟ್ಟೆಯೇ ಅದಕ್ಕೆ ಸಾಕ್ಷಿ. ಆದರೆ ಆ ಕೈಯನ್ನು ತಡೆಯಲು ಪೂಜೆ ಸಾಲದು. ಕಾಡು, ಕೆರೆ, ಗೋಮಾಳಗಳ ಬಗ್ಗೆ ತೀರ್ಮಾನಿಸುವ ಸಭೆಯಲ್ಲಿ ಹೆಂಗಸಿಗೆ ಕುರ್ಚಿ ಮತ್ತು ಮತ ಬೇಕು. ದುಡಿದ ನೆಲದ ಪಹಣಿಯಲ್ಲಿ ಅವಳ ಹೆಸರು ಬೇಕು. ಕಾರ್ಖಾನೆಯ ಸಂಘಗಳು ಮಿನಾಮಾತಾದ ಕಾರ್ಮಿಕರು ತಡವಾಗಿ ಕಲಿತದ್ದನ್ನು ಮೊದಲೇ ಕಲಿಯಬೇಕು. ಕುಲುಮೆಯಲ್ಲಿ ದುಡಿಯುವವಳಿಗೆ, ಯಾವ ಗುಡ್ಡ ಉಳಿಯಬೇಕೆಂದು ಹೇಳುವ ಹಕ್ಕೂ ಇರಬೇಕು. ಕಾಡನ್ನು ಕಾಯುವ ಭಾರ ಗಂಡಸರ ಹೆಗಲಿಗೂ ಸಮನಾಗಿ ಬೀಳಬೇಕು.

ನಮ್ಮ ತರುಣರು ಈ ಚಿತ್ರಗಳನ್ನು ನೋಡಲಿ, ಸಂತೋಷಪಡಲಿ. ನೋಡುವಾಗ ಸಾನ್‌ಳ ಮುಖದ ಜೊತೆಗೆ ತಿದಿ ತುಳಿಯುವ ಹೆಂಗಸರ ಕಾಲನ್ನೂ ನೋಡಲಿ. ಚಿತ್ರ ಮುಗಿದ ಮೇಲೆ ಓಡುವ ಹೆಸರುಗಳ ಸಾಲಿನಲ್ಲಿ ಬಣ್ಣ ತುಂಬಿದವರ ಹೆಸರನ್ನೂ ಓದಲಿ. ಆಮೇಲೆ ತಮ್ಮ ಮನೆಯ ಪಹಣಿ ತೆಗೆದು, ಅದರಲ್ಲಿ ತಾಯಿಯ ಹೆಸರು ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.